ಮಡಿಲು ತುಂಬುವ ಮುನ್ನ
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂಭ್ರಮದಲ್ಲಿ ರೋಗದ ಮಾತು ತೆಗೆಯುವುದು ಅಷ್ಟು ಸಮಂಜಸವಲ್ಲವೆಂದು ನಮಗೂ ತೋರಿತ್ತು. ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು, “ಈ ವರ್ಷ ನೀವು ಎರಡು ಮಾತು ಆಡಲೇಬೇಕು” ಎಂದು ಅಪ್ಪಣೆ ಮಾಡಿದಾಗ, ನಾಡುನುಡಿಯ ವಿಷಯವನ್ನು ಬಲ್ಲವರು ಸಭೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಕೀಲುನೋವಿನ ವೈದ್ಯರಾದ ನಾವು ಏನು ಹೇಳೋಣ ಎಂದೆವು. “ಅದನ್ನೇ ಹೇಳಿ” ಎಂದರು ಅವರು. ಆದುದರಿಂದ, ದೆಹಲಿಯಲ್ಲಿ ನೆಲಸಿರುವ ನಮ್ಮ ಕನ್ನಡ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡದ ಒಂದು ಸಂಗತಿಯನ್ನು ಆರಿಸಿಕೊಂಡಿದ್ದೇವೆ. ಕೀಲುಗಳನ್ನು ಕಾಡುವ ಕೆಲವು ರೋಗಗಳಿಗೂ ಹೆಣ್ಣುಮಕ್ಕಳ ಬಸಿರಿಗೂ ಇರುವ ನಂಟು ನಮ್ಮ ಇಂದಿನ ವಿಷಯ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ತಮ್ಮ ಸೊಸೆಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಹಾಸನದ ಕಡೆಯವರು. ಮಗನಿಗೆ ಇಲ್ಲಿ ಸರ್ಕಾರಿ ಕೆಲಸ. ಸೊಸೆಗೆ ಮಂಡಿನೋವು ಎಂದು ಮಾತು ಆರಂಭವಾಯಿತು. ಕೇಳುತ್ತ ಹೋದಂತೆ ಬೇರೆಯೇ ಕಥೆ ಹೊರಬಿತ್ತು. “ಮೂರು ಸಲ ನಿಂತದ್ದು ನಿಲ್ಲಲಿಲ್ಲ ಡಾಕ್ಟರೆ. ಎರಡು, ಮೂರು ತಿಂಗಳು ತುಂಬುವ ಮೊದಲೇ ಹೋದವು. ಇನ್ನೊಂದು ಆರು ತಿಂಗಳಾಗಿ ಹೋಯಿತು. ಕುಕ್ಕೆಗೆ ಹೋಗಿ ಸರ್ಪಸಂಸ್ಕಾರವನ್ನೂ ಮಾಡಿಸಿಕೊಂಡು ಬಂದೆವು. ಎಲ್ಲ ಇವಳ ಗ್ರಹಚಾರ” ಎಂದರು ಆ ತಾಯಿ. ಅವರು ಕೆಟ್ಟವರಲ್ಲ. ಹೇಳುವಾಗ ಅವರ ಕಣ್ಣೂ ತುಂಬಿತ್ತು. ಆದರೆ ಆ ಹುಡುಗಿ ಮಾತ್ರ ತಲೆ ತಗ್ಗಿಸಿ, ಅಪರಾಧ ಮಾಡಿದವಳ ಹಾಗೆ ಕುಳಿತಿದ್ದಳು.

ನಾವು ಇಂದು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಹೀಗೆ ಮಡಿಲು ಬರಿದಾಗುವುದಕ್ಕೆ ಕೆಲವರಲ್ಲಿ ಒಂದು ರೋಗವೇ ಕಾರಣವಾಗಿರುತ್ತದೆ. ಅದು ಆ ಹೆಣ್ಣಿನ ತಪ್ಪಲ್ಲ. ಅದನ್ನು ರಕ್ತದ ಪರೀಕ್ಷೆಯಿಂದ ಕಂಡುಹಿಡಿಯಬಹುದು, ಬಹುಮಟ್ಟಿಗೆ ತಡೆಯಲೂ ಬಹುದು. ಆದರೆ ಕೇಳಬೇಕಾದುದನ್ನು ಬಸಿರಾಗುವ ಮುನ್ನವೇ ಕೇಳಬೇಕು.

ನಮ್ಮ ಮೈಯಲ್ಲಿ ಒಂದು ರಕ್ಷಣಾಶಕ್ತಿ ಇದೆ. ಹೊರಗಿನಿಂದ ಬರುವ ರೋಗಾಣುಗಳನ್ನು ಹಿಡಿದು ಹಾಕುವುದು ಅದರ ಕೆಲಸ. ಕೆಲವರಲ್ಲಿ ಅದು ತನ್ನವರು ಯಾರು, ಅನ್ಯರು ಯಾರು ಎಂಬ ವಿವೇಕವನ್ನು ಕಳೆದುಕೊಂಡು ತನ್ನ ಮೈಯನ್ನೇ ಹೊಡೆಯತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಬೇಲಿ ಕೀಲುಗಳನ್ನು ಮೇಯ್ದರೆ ರುಮಟಾಯ್ಡ್ ಸಂಧಿವಾತ. ಚರ್ಮ, ಕೀಲು, ಮೂತ್ರಪಿಂಡ, ರಕ್ತ ಹೀಗೆ ಹಲವು ಕಡೆ ಬಾಯಿ ಹಾಕಿದರೆ ಲೂಪಸ್. ಇವು ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ಲೂಪಸ್ ಹಿಡಿದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು, ಅದರಲ್ಲಿಯೂ ಹೆರುವ ವಯಸ್ಸಿನವರು.

ಇದು ಎಲ್ಲಿಯೋ ದೂರದ ರೋಗವೆಂದು ತಿಳಿಯಬಾರದು. ನಮ್ಮ ದೆಹಲಿಯ ಪಕ್ಕದ ಬಲ್ಲಭಗಡದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಎಣಿಸಿದ ಲೆಕ್ಕ 1993ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವಯಸ್ಕರಲ್ಲಿ ಸಾವಿರಕ್ಕೆ ಏಳೆಂಟು ಮಂದಿಗೆ ರುಮಟಾಯ್ಡ್ ಸಂಧಿವಾತವಿತ್ತು. ಲೂಪಸ್ ಅಷ್ಟು ಸಾಮಾನ್ಯವಲ್ಲ, ಲಕ್ಷಕ್ಕೆ ಮೂರು ಎಂದು ಆ ಲೆಕ್ಕ ಹೇಳಿತು. ಸಂಖ್ಯೆ ಸಣ್ಣದಾದರೂ ಬಂದ ಮನೆಗೆ ಅದು ಸಣ್ಣದಲ್ಲ.

ರೋಗವೂ ಬಸಿರೂ ಯಾವಾಗಲೂ ವೈರಿಗಳೇ ಎಂದೇನೂ ಇಲ್ಲ. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರಿದ್ದರು. ಸಂಧಿವಾತದಿಂದ ಕೈಕಾಲು ಆಡಿಸಲಾರದ ಹೆಂಗಸರು ಬಸಿರಾದಾಗ ಅವರ ನೋವು ಇಳಿದುಹೋಗುವುದನ್ನು ಅವರು ಗಮನಿಸಿ 1938ರಲ್ಲಿ ಬರೆದರು. ಮೈಯೇ ಯಾವುದೋ ಔಷಧವನ್ನು ತಯಾರಿಸುತ್ತಿರಬೇಕೆಂದು ಊಹಿಸಿದರು. ಆ ಜಾಡನ್ನೇ ಹಿಡಿದು ಹೋಗಿ 1948ರಲ್ಲಿ ಕಾರ್ಟಿಸೋನನ್ನು ಮೊದಲ ಬಾರಿಗೆ ಒಬ್ಬ ರೋಗಿಗೆ ಕೊಟ್ಟರು. 1950ರಲ್ಲಿ ಕೆಂಡಾಲ್ ಮತ್ತು ರೈಖ್‌ಸ್ಟೈನ್ ಎಂಬ ವಿಜ್ಞಾನಿಗಳೊಡನೆ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಇಂದು ಲಕ್ಷಾಂತರ ಮಂದಿ ನುಂಗುವ ಸ್ಟೆರಾಯ್ಡ್ ಮಾತ್ರೆಯ ಹಿಂದೆ ನೋವು ಮರೆತು ನಡೆದಾಡಿದ ಆ ಬಸುರಿಯರೂ ಇದ್ದಾರೆ.

ಆದರೆ ಆ ಉಪಶಮನ ಎಲ್ಲರಿಗೂ ದೊರೆಯದು, ದೊರೆತರೂ ಬಹುಕಾಲ ನಿಲ್ಲದು. ಹೆರಿಗೆಯಾದ ಕೆಲವು ತಿಂಗಳಲ್ಲಿ ಸಂಧಿವಾತ ಮತ್ತೆ ತಲೆಯೆತ್ತುವುದು ಸಾಮಾನ್ಯ. ಆಗ ನಮ್ಮ ಮನೆಗಳಲ್ಲಿ “ಬಾಣಂತಿಗೆ ಶೀತವಾಯಿತು, ವಾಯು ಏರಿತು” ಎಂದು ಹೇಳಿ ಎಣ್ಣೆ ತಿಕ್ಕುತ್ತ ಕೂರುತ್ತೇವೆ. ಎಣ್ಣೆ ತಿಕ್ಕುವುದು ತಪ್ಪಲ್ಲ. ಬೆಳಗ್ಗೆ ಏಳುವಾಗ ಬೆರಳು ಮಡಿಸಲಾಗದೆ, ಮಗುವನ್ನು ಎತ್ತಲಾಗದೆ ಇದ್ದರೆ ವೈದ್ಯರಿಗೆ ತೋರಿಸದಿರುವುದು ತಪ್ಪು.

ಲೂಪಸ್ಸಿನ ಮಾತು ಇನ್ನೂ ಗಂಭೀರ. ಹಿಂದೆ ಲೂಪಸ್ ಇದ್ದವರಿಗೆ ಮಕ್ಕಳೇ ಬೇಡವೆಂದು ವೈದ್ಯರು ಹೇಳಿಬಿಡುತ್ತಿದ್ದರು. 1960ರಿಂದ 1965ರ ಅವಧಿಯಲ್ಲಿ ಇಂಥವರ ಬಸಿರುಗಳಲ್ಲಿ ನೂರಕ್ಕೆ 43 ಉಳಿಯುತ್ತಿರಲಿಲ್ಲ. 2000ದಿಂದ 2003ರ ಹೊತ್ತಿಗೆ ಅದು 17ಕ್ಕೆ ಇಳಿದಿತ್ತು. ಅಮೆರಿಕ ಮತ್ತು ಕೆನಡಾಗಳಲ್ಲಿ 385 ಲೂಪಸ್ ಬಸುರಿಯರನ್ನು ಅನುಸರಿಸಿ ನಡೆದ ಪ್ರಾಮಿಸ್ ಎಂಬ ಸಂಶೋಧನೆಯ ಫಲ 2015ರಲ್ಲಿ ಹೊರಬಂತು. ಬಸಿರಿನ ಆರಂಭದಲ್ಲಿ ರೋಗ ತಣ್ಣಗಿದ್ದವರನ್ನು, ಅಥವಾ ತೀವ್ರವಾಗಿಲ್ಲದವರನ್ನು ಮಾತ್ರ ಅದರಲ್ಲಿ ಸೇರಿಸಿಕೊಂಡಿದ್ದರು. ಅವರಲ್ಲಿ ನೂರಕ್ಕೆ 81 ಮಂದಿಗೆ ಯಾವ ದೊಡ್ಡ ತೊಂದರೆಯೂ ಆಗಲಿಲ್ಲ. ಇದರಿಂದ ತಿಳಿಯಬೇಕಾದುದು ಸ್ಪಷ್ಟ: ರೋಗ ಇದೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆಯಲ್ಲ, ಬಸಿರು ನಿಲ್ಲುವ ಹೊತ್ತಿಗೆ ಅದು ಮಲಗಿದೆಯೇ ಎದ್ದಿದೆಯೇ ಎಂಬುದು ಪ್ರಶ್ನೆ. ಕಡೆಯ ಪಕ್ಷ ಆರು ತಿಂಗಳು ರೋಗ ತಣ್ಣಗಿದ್ದ ಮೇಲೆ ಬಸಿರಿನ ಯೋಚನೆ ಮಾಡಿರೆಂದು ನಾವು ಹೇಳುವುದು ಇದಕ್ಕೇ.

ಇನ್ನು ಆ ಹಾಸನದ ಹುಡುಗಿಯ ವಿಷಯ. 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ಎಂಬ ವೈದ್ಯರು ಒಂದು ರೋಗವನ್ನು ವಿವರಿಸಿದರು. ರಕ್ತದಲ್ಲಿ ಒಂದು ಬಗೆಯ ಪ್ರತಿಕಾಯಗಳು ಸೇರಿಕೊಂಡು, ರಕ್ತ ಹೆಪ್ಪುಗಟ್ಟುವ ಸ್ವಭಾವವನ್ನು ಹೆಚ್ಚಿಸುತ್ತವೆ. ಮಗುವಿಗೆ ಅನ್ನ ಮತ್ತು ಉಸಿರನ್ನು ತಲುಪಿಸುವ ಮಾಸು ಇದರಿಂದ ಕೆಡುತ್ತದೆ. ಹೀಗಾಗಿ ಮತ್ತೆ ಮತ್ತೆ ಗರ್ಭ ನಷ್ಟವಾಗುತ್ತದೆ. ಆಂಟಿಫಾಸ್ಫೊಲಿಪಿಡ್ ರೋಗವೆಂದು ಇದರ ಹೆಸರು. ಹೆಸರು ಬಾಯಿಗೆ ತಿರುಗದಿದ್ದರೆ ಚಿಂತೆಯಿಲ್ಲ, ಪರೀಕ್ಷೆ ಇದೆಯೆಂಬುದು ನೆನಪಿದ್ದರೆ ಸಾಕು. ಒಮ್ಮೆ ಕಂಡರೆ ಸಾಲದು. ಹನ್ನೆರಡು ವಾರ ಬಿಟ್ಟು ಮತ್ತೊಮ್ಮೆ ನೋಡಿ ಖಚಿತ ಮಾಡಿಕೊಳ್ಳಬೇಕು.

ಚಿಕಿತ್ಸೆಯೂ ಉಂಟು. ಈ ಪ್ರತಿಕಾಯಗಳಿದ್ದು ಮತ್ತೆ ಮತ್ತೆ ಗರ್ಭ ಕಳೆದುಕೊಂಡಿದ್ದ 90 ಮಂದಿ ಹೆಂಗಸರನ್ನು ಲಂಡನ್ನಿನಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರ, ಇನ್ನೊಂದಕ್ಕೆ ಆಸ್ಪಿರಿನ್ನಿನ ಜೊತೆಗೆ ಹೆಪಾರಿನ್ ಎಂಬ ಚುಚ್ಚುಮದ್ದು. ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಮೊದಲನೆಯ ಗುಂಪಿನಲ್ಲಿ ನೂರಕ್ಕೆ 42 ಮಂದಿಗೆ, ಎರಡನೆಯದರಲ್ಲಿ 71 ಮಂದಿಗೆ ಮಗು ಜೀವಂತವಾಗಿ ಕೈಗೆ ಬಂದಿತು. ಹೆಪಾರಿನ್ ಮಾಸನ್ನು ದಾಟಿ ಮಗುವಿನ ಮೈಗೆ ಹೋಗುವುದಿಲ್ಲವಾದುದರಿಂದ ಮಗುವಿಗೆ ಅದರ ಭಯವಿಲ್ಲ.

ಮತ್ತೊಂದು ಪ್ರತಿಕಾಯವನ್ನೂ ಇಲ್ಲಿ ಹೇಳಿಬಿಡಬೇಕು. ಅದರ ಹೆಸರು ಆಂಟಿ-ರೋ. ಅದು ತಾಯಿಯ ರಕ್ತದಲ್ಲಿದ್ದರೆ ನೂರರಲ್ಲಿ ಸುಮಾರು ಇಬ್ಬರು ಮಕ್ಕಳಿಗೆ ಹೊಟ್ಟೆಯಲ್ಲಿರುವಾಗಲೇ ಎದೆಬಡಿತ ಕುಂದುತ್ತದೆ. ಮೊದಲ ಮಗುವಿಗೆ ಹೀಗಾಗಿದ್ದರೆ ಮುಂದಿನ ಮಗುವಿಗೆ ಆಗುವ ಸಂಭವ ನೂರಕ್ಕೆ 18ರಷ್ಟು. ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಾತ್ರೆಯನ್ನು ಬಸಿರಿನ ಆರಂಭದಿಂದ ಕೊಟ್ಟಾಗ ಅದು ಏಳೆಂಟಕ್ಕೆ ಇಳಿಯಿತೆಂದು 2020ರಲ್ಲಿ ತಿಳಿದುಬಂದಿತು. ಮಲೇರಿಯಕ್ಕೆಂದು ಹುಟ್ಟಿದ ಔಷಧ ಇದು. ಲೂಪಸ್ಸನ್ನು ಹತೋಟಿಯಲ್ಲಿಡುವ ಮುಖ್ಯ ಮದ್ದೂ ಇದೇ.

ಈ ಮಾತ್ರೆಯ ವಿಷಯದಲ್ಲಿ ನಮ್ಮದೇ ಒಂದು ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಲೂಪಸ್ ಇದ್ದ ಒಬ್ಬ ಕನ್ಯೆ ಬಹುಕಾಲ ನಮ್ಮಲ್ಲಿ ಔಷಧ ತೆಗೆದುಕೊಳ್ಳುತ್ತಿದ್ದಳು. ಬಂದಾಗಲೆಲ್ಲ ಕೀಲುಗಳನ್ನು ಮುಟ್ಟಿ ನೋಡಿದೆವು, ಕೂದಲು ಉದುರುವುದನ್ನು ಕೇಳಿದೆವು. ಮದುವೆ ಯಾವಾಗ, ಮಕ್ಕಳ ಯೋಚನೆ ಏನು ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ಹೆಣ್ಣುಮಗಳ ಎದುರು ಆ ಮಾತೇಕೆ ಎಂಬ ಸಂಕೋಚ. ಮದುವೆಯಾಯಿತು, ಬಸಿರೂ ನಿಂತಿತು. “ಬಸುರಿ ಮಾತ್ರೆ ನುಂಗಬಾರದು” ಎಂದು ಹಿರಿಯರು ಹೇಳಿದರು. ಅವಳು ಎಲ್ಲವನ್ನೂ ಒಮ್ಮೆಗೇ ಬಿಟ್ಟಳು. ಐದನೆಯ ತಿಂಗಳಿಗೆ ಕಾಲು ಊದಿತು, ರಕ್ತದ ಒತ್ತಡ ಏರಿತು, ಮೂತ್ರದಲ್ಲಿ ಆಲ್ಬುಮಿನ್ ಹೋಗತೊಡಗಿತು. ಮಲಗಿದ್ದ ರೋಗ ಎದ್ದು ಮೂತ್ರಪಿಂಡವನ್ನು ಹಿಡಿದಿತ್ತು. ತಾಯಿಯನ್ನು ಉಳಿಸಲು ದಿನ ತುಂಬುವ ಮೊದಲೇ ಮಗುವನ್ನು ತೆಗೆಯಬೇಕಾಯಿತು. ಮಗು ಉಳಿಯಲಿಲ್ಲ. ಹಿರಿಯರದು ತಪ್ಪೆನ್ನಲು ನಮಗೆ ಬಾಯಿಲ್ಲ. ಯಾವ ಮಾತ್ರೆ ಬಿಡಬೇಕು, ಯಾವುದು ಬಿಡಬಾರದು ಎಂಬುದನ್ನು ಮೊದಲೇ ಹೇಳಬೇಕಾಗಿದ್ದವರು ನಾವು.

ಆದುದರಿಂದ ಇಂದು ಹೇಳುತ್ತೇವೆ, ದಯವಿಟ್ಟು ಗಮನವಿಟ್ಟು ಕೇಳಬೇಕು. ಮೆಥೋಟ್ರೆಕ್ಸೇಟ್, ಲೆಫ್ಲುನೊಮೈಡ್, ಮೈಕೊಫಿನೊಲೇಟ್, ಸೈಕ್ಲೊಫಾಸ್ಫಮೈಡ್ ಇವು ಬಸಿರಿಗೆ ಸಲ್ಲದ ಮದ್ದುಗಳು. ಇವನ್ನು ಬಸಿರಾಗುವ ಮುನ್ನವೇ ವೈದ್ಯರ ಸಲಹೆಯಂತೆ ಬದಲಾಯಿಸಿಕೊಳ್ಳಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್ ಹಾಗಲ್ಲ, ಅದನ್ನು ಬಸಿರಿನಲ್ಲಿ ಮುಂದುವರಿಸಬೇಕು. ಲೂಪಸ್ ಇದ್ದ ಬಸುರಿಗೆ ರಕ್ತದ ಒತ್ತಡದ ಅಪಾಯ ತಪ್ಪಿಸಲು ಆರಂಭದ ತಿಂಗಳುಗಳಿಂದಲೇ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುವುದೂ ಉಂಟು. ಆದರೆ ಇದನ್ನು ಕೇಳಿಕೊಂಡು ಹೋಗಿ ಅಂಗಡಿಯಲ್ಲಿ ತಾವೇ ಕೊಳ್ಳಬಾರದು. ಒಬ್ಬರ ಮದ್ದು ಇನ್ನೊಬ್ಬರಿಗೆ ವಿಷವಾದೀತು.

ಈಗ ಹೊರನಾಡ ಕನ್ನಡಿಗರಾದ ನಮಗೇ ಸೇರಿದ ಒಂದು ಮಾತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಪದ್ಧತಿ. ಅದು ಒಳ್ಳೆಯ ಪದ್ಧತಿ, ತಾಯಿಯ ಆರೈಕೆಗೆ ಸಮವಾದುದು ಯಾವ ಆಸ್ಪತ್ರೆಯಲ್ಲಿದೆ? ಆದರೆ ಏಳನೆಯ ತಿಂಗಳಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು, ಅಲ್ಲಿಂದ ಬಸ್ಸು ಹಿಡಿದು ಊರು ಸೇರುವ ಮಗಳ ಪೆಟ್ಟಿಗೆಯಲ್ಲಿ ಸೀರೆ, ಬಳೆ, ಬೆಳ್ಳಿಯ ಬಟ್ಟಲು ಎಲ್ಲವೂ ಇರುತ್ತವೆ. ರಕ್ತಪರೀಕ್ಷೆಯ ಕಾಗದಗಳು ಮಾತ್ರ ದೆಹಲಿಯ ಮನೆಯ ಬೀರುವಿನಲ್ಲಿಯೇ ಉಳಿಯುತ್ತವೆ. ಊರಿನ ವೈದ್ಯರು ಹಳೆಯ ಕಥೆ ತಿಳಿಯದೆ ಹೊಸದಾಗಿ ಆರಂಭಿಸಬೇಕಾಗುತ್ತದೆ. ಚುಚ್ಚುಮದ್ದು ನಡುವೆ ನಿಂತುಹೋಗುತ್ತದೆ. ಅಪಾಯವಿರುವುದು ತವರಿಗೆ ಹೋಗುವುದರಲ್ಲಿ ಅಲ್ಲ, ಕಾಗದವಿಲ್ಲದೆ ಹೋಗುವುದರಲ್ಲಿ. ಹೋಗುವ ಮುನ್ನ ಇಲ್ಲಿಯ ವೈದ್ಯರಿಂದ ಒಂದು ಪುಟ ಬರೆಸಿಕೊಳ್ಳಿ. ಅಲ್ಲಿ ಹಸುಗೂಸಿನ ಆರೈಕೆಯ ಏರ್ಪಾಡುಳ್ಳ ಆಸ್ಪತ್ರೆ ಎಷ್ಟು ದೂರದಲ್ಲಿದೆ ಎಂದು ವಿಚಾರಿಸಿ. ದೂರವೆಂದಾದರೆ ತವರಿಗೆ ಹೋಗುವ ಬದಲು ತವರನ್ನೇ ಇಲ್ಲಿಗೆ ಕರೆಸಿಕೊಳ್ಳಿ.

ಹಾಸನದ ಆ ಹುಡುಗಿಯ ಮನೆಯಲ್ಲಿ ನಡೆದುದು ಇದೇ. ಪರೀಕ್ಷೆ ಎರಡು ಸಲವೂ ರೋಗವನ್ನು ತೋರಿಸಿತು. ನಾಲ್ಕನೆಯ ಬಸಿರಿನಲ್ಲಿ ಆಸ್ಪಿರಿನ್ ಮತ್ತು ಹೆಪಾರಿನ್ ಎರಡನ್ನೂ ಕೊಟ್ಟೆವು. ದಿನವೂ ಸಂಜೆ ಕಚೇರಿಯಿಂದ ಬಂದು ಕೈತೊಳೆದು ಹೊಟ್ಟೆಯ ಚರ್ಮಕ್ಕೆ ಸೂಜಿ ಚುಚ್ಚುತ್ತಿದ್ದವನು ಅವಳ ಗಂಡ. ಒಂದು ದಿನವೂ ತಪ್ಪದಂತೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದವರು ‘ಗ್ರಹಚಾರ’ ಎಂದಿದ್ದ ಆ ಅತ್ತೆಯೇ. ಏಳನೆಯ ತಿಂಗಳಲ್ಲಿ ಊರಿನಿಂದ ಅವಳ ತಾಯಿ ಗಂಟುಮೂಟೆ ಸಮೇತ ಬಂದಿಳಿದರು. ಮಗು ಎರಡು ವಾರ ಮುಂಚೆ ಹುಟ್ಟಿತು, ಸ್ವಲ್ಪ ಸಣ್ಣದು, ಆದರೆ ಗಟ್ಟಿಯಾಗಿ ಅತ್ತಿತು. ಬಾಣಂತನದಲ್ಲಿಯೂ ಆರು ವಾರ ಸೂಜಿ ಮುಂದುವರಿಯಿತು. ಹೆಪ್ಪುಗಟ್ಟುವ ಭಯ ಹೆರಿಗೆಯ ದಿನವೇ ಮುಗಿಯುವುದಿಲ್ಲ.

ಎಲ್ಲರಿಗೂ ಹೀಗೆಯೇ ಆಗುವುದೆಂದು ನಾವು ಹೇಳಲಾರೆವು. 71 ಎಂದರೆ ನೂರಲ್ಲ, ಉಳಿದ 29 ಮನೆಗಳ ದುಃಖವೂ ನಮಗೆ ತಿಳಿದದ್ದೇ. ಮಾಡಬೇಕಾದುದನ್ನೆಲ್ಲ ಮಾಡಿಯೂ ಮಡಿಲು ತುಂಬದಿದ್ದರೆ, ಆಗಲೂ ಅದು ಆ ಹೆಣ್ಣಿನ ತಪ್ಪಲ್ಲ. ಹರಕೆ ಹೊತ್ತವರು ಹರಕೆ ತೀರಿಸಲಿ, ಕುಕ್ಕೆಗೂ ಹೋಗಿ ಬರಲಿ. ಜೊತೆಗೆ ರಕ್ತದ ಪರೀಕ್ಷೆಯನ್ನೂ ಮಾಡಿಸಲಿ. ಮನೆಯಲ್ಲಿ ಕೀಲುನೋವಿನ ಮಗಳೋ ಸೊಸೆಯೋ ಇದ್ದರೆ, ಮದುವೆಯ ಮಾತು ಬಂದಾಗಲೇ ವೈದ್ಯರನ್ನು ಕೇಳಲಿ. ಸಂಕೋಚದಿಂದ ನಾವು ಒಮ್ಮೆ ಕೇಳದೆ ಬಿಟ್ಟ ಪ್ರಶ್ನೆಯನ್ನು ತಾವೇ ಮೊದಲು ಕೇಳಿದರೆ ನಮ್ಮ ಈ ಮಾತು ಸಾರ್ಥಕವಾದಂತೆ.