ಬಿಎಂಐ ಒಂದೇ, ದೇಹ ಬೇರೆ



2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಬಂತು: ನಮ್ಮ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2!

ಒಂದೇ ಅಂಕಿ ನಂಬಿದರೆ ಹೀಗಾಗುತ್ತದೆ. ಸರ್ವರ್ ನಿಧಾನವಾದಾಗ ನಾವು ಐಟಿಯವರು ಒಂದು ಪ್ರೋಗ್ರಾಂ ಮಾತ್ರ ನೋಡುವುದಿಲ್ಲ. ನೆಟ್‌ವರ್ಕ್, ಡೇಟಾಬೇಸ್ ಎಲ್ಲದರ ನಂಟು ಹುಡುಕುತ್ತೇವೆ. ಸಿಸ್ಟಮ್ಸ್ ಬಯಾಲಜಿಯೂ ಹಾಗೆಯೇ. ಜೀನ್, ಪ್ರೋಟೀನ್, ಆಹಾರ ಇವುಗಳ ನಂಟನ್ನು ಕಂಪ್ಯೂಟರಿನಲ್ಲಿ ಒಟ್ಟಾಗಿ ನೋಡುತ್ತದೆ. ಅವರವರ ದೇಹಕ್ಕೆ ತಕ್ಕ ಚಿಕಿತ್ಸೆಗೆ ಇದೇ ದಾರಿ.

ಇದರಲ್ಲಿ ತಾಯಂದಿರ ಪಾತ್ರ ದೊಡ್ಡದು. ಯಾಜ್ಞಿಕ್ ಅವರ ತಂಡ 1993ರಲ್ಲಿ ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ ಅಧ್ಯಯನ ಶುರುಮಾಡಿತು. ಅಲ್ಲಿನ ಶಿಶುಗಳು ತೂಕದಲ್ಲಿ ಕಡಿಮೆ, ಆದರೂ ಕೊಬ್ಬು ಉಳಿಸಿಕೊಂಡವು. ಗರ್ಭಿಣಿಯಲ್ಲಿ ಬಿ12 ಕಡಿಮೆ, ಫೋಲೇಟ್ ಹೆಚ್ಚು ಇದ್ದರೆ, ಆರನೇ ವರ್ಷಕ್ಕೆ ಮಗುವಿನಲ್ಲಿ ಇನ್ಸುಲಿನ್ ಪ್ರತಿರೋಧ ಹೆಚ್ಚಿತ್ತು.

ಹಾಗೆಂದು ಫೋಲಿಕ್ ಮಾತ್ರೆ ಬಿಡಬೇಡಿ. ಮಗುವಿನ ಮಿದುಳು, ಬೆನ್ನುಹುರಿಗೆ ಅದು ಬೇಕೇ ಬೇಕು. ಜೊತೆಗೆ ಬಿ12 ಬಗ್ಗೆಯೂ ಡಾಕ್ಟರನ್ನು ಕೇಳಿ. ಸೊಪ್ಪು ತರಕಾರಿಯಲ್ಲಿ ಅದು ಸಿಗದು, ಹಾಲು ಮೊಸರಿನಲ್ಲಿದೆ.

ಮನೆಮಂದಿಯ ರಿಪೋರ್ಟ್‌ಗಳನ್ನೆಲ್ಲ ಜೋಪಾನವಾಗಿಡುವ ನಾವು ನಮ್ಮದಕ್ಕೂ ಒಂದು ಫೈಲ್ ಮಾಡೋಣ. ನಮ್ಮ ಮಾಹಿತಿಯೇ ಇಲ್ಲದೆ ನಮಗೆ ತಕ್ಕ ಔಷಧಿ ಹೇಗೆ ಬಂದೀತು?