ಹೊಟ್ಟಿಗೆ ಹತ್ತಿದ ಬಣ್ಣ



ಕೈವಾರ, ಚಿಂತಾಮಣಿ ಕಡೆಯ ಹಿರಿಯರಿಗೆ ಹೊಟ್ಟಿನ ಒಲೆ ನೆನಪಿರಬೇಕು. ಡಬ್ಬದ ನಡುವೆ ಸೀಸೆ ನಿಲ್ಲಿಸಿ, ಸುತ್ತ ಸಾ ಮಿಲ್ಲಿನ ಮರದ ಹೊಟ್ಟು ಗಿಡಿದು, ಸೀಸೆ ಎಳೆದರೆ ಒಲೆ ಸಿದ್ಧ. ಗ್ಯಾಸ್ ಬಂತು, ಒಲೆ ಮೂಲೆ ಸೇರಿತು. ಅದೇ ಹೊಟ್ಟಿಗೆ ರಸಾಯನ ವಿಜ್ಞಾನಿಗಳು ಬೇರೊಂದು ಕೆಲಸ ಹಚ್ಚಿದ್ದಾರೆ: ಬಣ್ಣದ ನೀರನ್ನು ತಿಳಿಯಾಗಿಸುವುದು.

ಮರದಲ್ಲಿರುವ ಸೆಲ್ಯುಲೋಸ್, ಲಿಗ್ನಿನ್‌ಗಳಿಂದಾಗಿ ನೀರಿಗೆ ಬಿದ್ದ ಹೊಟ್ಟಿನ ಮೈಗೆ ಋಣ ವಿದ್ಯುದಂಶ ಬರುತ್ತದೆ. ಮೆಥಿಲೀನ್ ಬ್ಲೂನಂಥ ಬಣ್ಣದ್ದು ಧನ ಅಂಶ. ಎರಡೂ ಒಂದನ್ನೊಂದು ಸೆಳೆದು ಅಂಟಿಕೊಳ್ಳುತ್ತವೆ. ಹೊಟ್ಟಿಗೆ ನಿಂಬೆ ಉಪ್ಪು ಬೆರೆಸಿ ಬಿಸಿ ಮಾಡಿದರೆ ಈ ಹಿಡಿತ ಇನ್ನೂ ಬಿಗಿಯಾಗುತ್ತದೆ. ಹಸಿ ಹೊಟ್ಟನ್ನು ಹಾಗೇ ಸುರಿಯಬಾರದು. ಅದರ ಒಗರು ತಾನೇ ನೀರನ್ನು ಕಂದಾಗಿಸುತ್ತದೆ.

ನಮ್ಮದು ರೇಷ್ಮೆಯ ಸೀಮೆ. ತೊಡಕು ಇಲ್ಲೇ. ಶಿಡ್ಲಘಟ್ಟದಲ್ಲಿ ಗೂಡಿನಿಂದ ಬಿಚ್ಚಿದ ನೂಲು ಹುರಿಯಾಗಿ, ಮುಂದೆ ಎಲ್ಲೋ ಬಣ್ಣದ ಬಾನಿಗೆ ಇಳಿಯುತ್ತದಲ್ಲ, ಅಲ್ಲಿ ಹೆಚ್ಚಾಗಿ ಬಳಸುವುದು ಆಮ್ಲ ಬಣ್ಣ. ಅದೂ ಋಣ, ಹೊಟ್ಟೂ ಋಣ. ಒಂದನ್ನೊಂದು ದೂರ ತಳ್ಳುತ್ತವೆ. ಇಂಥ ನೀರಿಗೆ ಬೇಕಾದದ್ದು, ಅಮೋನಿಯಂ ಜಾತಿಯ ಸಂಯುಕ್ತ ಕೂಡಿಸಿ ಮೈಯ ಅಂಶವನ್ನೇ ಧನವಾಗಿ ತಿರುಗಿಸಿದ ಹೊಟ್ಟು. ನೀರಿಗೆ ಹುಳಿ ಏರಿಸಿದರೂ ಸ್ವಲ್ಪ ಅನುಕೂಲ. ‘ಹೊಟ್ಟು ಹಾಕಿ, ನೀರು ಶುದ್ಧ’ ಎಂದು ಒಂದೇ ಮಾತಿನಲ್ಲಿ ಹೇಳುವವರನ್ನು ಯಾವ ಬಣ್ಣ ಎಂದು ಮೊದಲು ಕೇಳಿ.

ಇನ್ನೊಂದು ಮಾತು, ಹತ್ತಿ ಬಟ್ಟೆಯ ಡೈಯಿಂಗ್‌ ಬಗ್ಗೆ. ಅಲ್ಲಿ ಬಣ್ಣದ ಜೊತೆ ಉಪ್ಪೂ ಹೇರಳ. ನೊಯ್ಯಲ್ ನದಿ ಕೆಟ್ಟಿತೆಂದು 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನು ಮುಚ್ಚಲು ಆದೇಶಿಸಿತು; ಅಲ್ಲಿನ ದೊಡ್ಡ ದೂರು ಉಪ್ಪಿನದೇ. ಕರಗಿದ ಉಪ್ಪನ್ನು ಹೊಟ್ಟು ಹಿಡಿಯದು. ತಿಳಿಯಾಗಿ ಕಂಡ ನೀರೂ ಹೊಲ ಕೆಡಿಸಬಲ್ಲದು. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆ, ಬೋರ್‌ವೆಲ್ ನಂಬಿದ ನಮ್ಮಂಥ ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ.

ಹಾಗಾದರೆ ನೀರಿನಿಂದ ಹೋದ ಬಣ್ಣ ಎಲ್ಲಿ? ಹೊಟ್ಟಿನಲ್ಲೇ ಇದೆ. ಕೆಲವು ಬಗೆಯ ಹೊಟ್ಟನ್ನು ಕ್ಷಾರದಲ್ಲೋ ಆಮ್ಲದಲ್ಲೋ ತೊಳೆದು ಮತ್ತೆ ಬಳಸಬಹುದು, ಆದರೆ ತೊಳೆದ ನೀರಿಗೂ ಒಂದು ದಾರಿ ಕಾಣಿಸಬೇಕು. ಬಣ್ಣ ಕುಡಿದ ಹೊಟ್ಟು ಕೈಗೆ ಸಿಕ್ಕರೆ ತಿಪ್ಪೆಗೆ ಎಸೆಯಬೇಡಿ, ಹಳೆಯ ನೆನಪಿನಲ್ಲಿ ಒಲೆಗಂತೂ ಹಾಕಲೇಬೇಡಿ.