ನಮ್ಮ ಮುಖ ನಾವೇ ಬರೆಯೋಣ

(ಹೊಸೂರಲ್ಲಿ ನಮ್ಮ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಬರಲಾಗದವರಿಗಾಗಿ ಇಲ್ಲಿ ಹಾಕಿದ್ದೇವೆ.)

ಬಾಗಲೂರು, ಕೆಲಮಂಗಲ, ತಳಿ, ದೆಂಕಣಿಕೋಟೆ, ಅಂಚೆಟ್ಟಿ ಕಡೆಯಿಂದ ಬಸ್ಸು ಹಿಡಿದು ಬಂದಿರೋ ತಮ್ಮಂದಿರೇ, ತಂಗಿಯರೇ,

ನಾವು ಕನ್ನಡದಲ್ಲಿ ಕಾಗದ ಬರೀತೀವಿ, ಲೆಕ್ಕ ಬರೀತೀವಿ, ಚಿತ್ರಾನೂ ಬರೀತೀವಿ. ಮೂರಕ್ಕೂ ಒಂದೇ ಮಾತು. ಅಕ್ಷರಕ್ಕೂ ಚಿತ್ರಕ್ಕೂ ನಡುವೆ ನಮ್ಮ ಹಿರೀಕರು ಗೋಡೆ ಕಟ್ಟಲಿಲ್ಲ. ಇವತ್ತು ನಮಗೆ ಬೇಕಾಗಿರೋದು ಇದೇ.

ಯಾಕೆ ಅಂದ್ರೆ, ನಮ್ಮಲ್ಲಿ ಎಷ್ಟೋ ಜನ ಮನೇಲಿ ಆಡೋದು ಕನ್ನಡ, ಓದಿದ್ದು ತಮಿಳು ಇಲ್ಲವೇ ಇಂಗ್ಲಿಷ್ ಮಾಧ್ಯಮದಲ್ಲಿ. ಮನಸ್ಸಿನ ಸಂಕಟ ಕನ್ನಡದಲ್ಲಿ ಹುಟ್ಟುತ್ತೆ. ಬರೆಯೋಕೆ ಕೂತರೆ ಕನ್ನಡದ ಅಕ್ಷರ ಕೈಗೆ ಬರಲ್ಲ. ತಮಿಳಲ್ಲಿ ಬರೆದರೆ ಪರೀಕ್ಷೆಯ ಉತ್ತರ ಬರೆದ ಹಾಗಿರುತ್ತೆ. ಕೊನೆಗೆ ಇಂಗ್ಲಿಷಲ್ಲಿ ‘ಫೀಲಿಂಗ್ ಲೋ’ ಅಂತ ಸ್ಟೇಟಸ್ ಹಾಕಿ ಸುಮ್ಮನಾಗ್ತೀವಿ. ಬೇಸರ, ಕಳವಳ, ದುಗುಡ, ಮುನಿಸು, ಹೊಟ್ಟೆಕಿಚ್ಚು, ಹಂಬಲ, ಇಷ್ಟೂ ಆ ಎರಡು ಪದದೊಳಗೆ ಮುಚ್ಚಿಹೋಗುತ್ತೆ. (ಇದನ್ನ ಓದ್ತಾ ಇರೋರು, ಕನ್ನಡ ಓದೋಕೆ ಬಾರದ ಗೆಳೆಯರಿಗೆ ಓದಿ ಹೇಳಿ. ಈ ಮಾತು ಮೊದಲು ಸೇರಬೇಕಾದ್ದು ಅವರಿಗೆ.)

ಅಕ್ಷರ ಕೈಗೆ ಬರದಿದ್ದರೂ ಮುಖ ಬರೆಯಬಹುದು. ನಮ್ಮದೇ ಮುಖ, ನಮ್ಮದೇ ಫೋನಲ್ಲಿ, ನಮ್ಮದೇ ಬೆರಳಲ್ಲಿ.

‘ದಿನಾ ನೂರು ಸೆಲ್ಫಿ ತೆಗೀತೀವಲ್ಲ, ಸಾಲ್ದಾ?’ ಅಂತ ಕೇಳಬಹುದು. ಸೆಲ್ಫಿ ತೆಗೆಯೋಕೆ ಒಂದು ಕ್ಷಣ ಸಾಕು, ಅದರಲ್ಲೂ ನಾವು ನೋಡೋದು ನಮ್ಮನ್ನಲ್ಲ, ನೋಡೋರನ್ನ ನೆನೆಸಿಕೊಳ್ತೀವಿ. ಫೋನಿನ ಬ್ಯೂಟಿ ಮೋಡ್ ಕೇಳದೇ ಕೆನ್ನೆ ನುಣ್ಣಗೆ ಮಾಡಿ, ಬಣ್ಣ ತಿಳಿ ಮಾಡಿ ಕೊಡುತ್ತೆ. ಇನ್ನೊಂದು ತಮಾಷೆ ಇದೆ. ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ರು: ಒಂದು ಅಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಐದು ಅಡಿ ದೂರದ ಫೋಟೋಗಿಂತ ಸುಮಾರು 30 ಶೇಕಡ ಅಗಲ ಕಾಣುತ್ತೆ. ಅಂದ್ರೆ ‘ನನ್ನ ಮೂಗು ದಪ್ಪ’ ಅಂತ ಕೊರಗೋ ತಂಗಿಯರ ದುಃಖದಲ್ಲಿ ಒಂದು ಪಾಲು ಕ್ಯಾಮೆರಾದ್ದು!

2025ರ ಮಾರ್ಚಲ್ಲಿ ಎಲ್ಲರೂ ಫೋಟೋ ಕೊಟ್ಟು ‘ಘಿಬ್ಲಿ’ ಚಿತ್ರ ಮಾಡಿಸಿಕೊಂಡ್ರಲ್ಲ, ಚೆಂದವಾಗೇ ಇದ್ವು. ಆದರೆ ಅಳೋ ಮನಸ್ಸಲ್ಲಿ ತೆಗೆದ ಫೋಟೋ ಕೊಟ್ಟರೂ ಅದೇ ಮುದ್ದು ಕಣ್ಣು, ನಗೋ ಫೋಟೋ ಕೊಟ್ಟರೂ ಅದೇ ಮುದ್ದು ಕಣ್ಣು. ಯಂತ್ರ ಚಿತ್ರ ಕೊಟ್ಟಿತು, ಕೂತು ನೋಡೋ ಒಂದು ಗಂಟೆಯನ್ನ ಕಿತ್ಕೊಂಡಿತು. ಕೆಲಸ ಆಗೋದೆಲ್ಲ ಆ ಒಂದು ಗಂಟೆಯಲ್ಲೇ. ಕನ್ನಡಿ ಎದುರಿಗೆ ಇಟ್ಕೊಂಡು ಹುಬ್ಬಿನ ಗೆರೆ ಎಳೆಯುವಾಗ, ಇದು ಯಾಕೆ ಹೀಗೆ ಗಂಟು ಹಾಕಿಕೊಂಡಿದೆ ಅಂತ ಕೈಯೇ ಕೇಳುತ್ತೆ. ಮನೆಯವರು ಯಾರೂ ಕೇಳದ ಪ್ರಶ್ನೆ ಅದು.

ಈ ದಾರೀಲಿ ಮುಂಚೆ ನಡೆದೋರು ಇದ್ದಾರೆ. ಮೆಕ್ಸಿಕೋದ ಫ್ರೀಡಾ ಕಾಲೋ ಹೆಸರು ಕೇಳಿರ್ತೀರಿ. 1925ರಲ್ಲಿ, 18ನೇ ವಯಸ್ಸಲ್ಲಿ, ಆಕೆ ಇದ್ದ ಬಸ್ಸಿಗೆ ಟ್ರಾಮ್ ಗುದ್ದಿತು. ಬೆನ್ನುಮೂಳೆ ಮುರೀತು, ತಿಂಗಳುಗಟ್ಟಲೆ ಹಾಸಿಗೆ ಹಿಡಿದಳು. ಮಲಗಿಕೊಂಡೇ ಬರೆಯೋ ಹಾಗೆ ಒಂದು ಹಲಗೆ, ಮಂಚದ ಮೇಲೆ ಒಂದು ಕನ್ನಡಿ. ಕನ್ನಡಿಯಲ್ಲಿ ಕಾಣೋದು ಒಂದೇ ಮುಖ, ಅದನ್ನೇ ಬರೆದಳು. ಮುಂದೆ ಬದುಕೆಲ್ಲ ಬರೆದಳು.

ಆಕೆಯ ಒಂದು ಚಿತ್ರದ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. 1939ರ ‘ಇಬ್ಬರು ಫ್ರೀಡಾಗಳು’. ಗಂಡ ಡಿಯೇಗೋ ರಿವೇರಾನಿಂದ ಬೇರೆಯಾದ ವರ್ಷ. ಒಂದೇ ಬೆಂಚಿನ ಮೇಲೆ ಇಬ್ಬರು ಫ್ರೀಡಾ ಕೂತಿದ್ದಾರೆ. ಒಬ್ಬಳು ಯುರೋಪಿನ ಬಿಳಿ ಗೌನು ಹಾಕಿದ್ದಾಳೆ, ಇನ್ನೊಬ್ಬಳು ತೆವಾನಾ ಹೆಂಗಸರ ಉಡುಗೆ. ಆಕೆಯ ಅಪ್ಪ ಜರ್ಮನಿಯಿಂದ ಬಂದೋರು, ಅಮ್ಮ ಮೆಕ್ಸಿಕೋದೋರು. ಇಬ್ಬರ ಎದೆಯೂ ತೆರೆದಿದೆ, ಹೃದಯ ಕಾಣುತ್ತೆ, ಒಂದು ರಕ್ತನಾಳ ಇಬ್ಬರನ್ನೂ ಕಟ್ಟಿದೆ. ಬಿಳಿ ಗೌನಿನವಳು ನಾಳದ ತುದಿಯನ್ನ ಇಕ್ಕಳದಲ್ಲಿ ಹಿಡಿದಿದ್ದಾಳೆ, ಆದರೂ ರಕ್ತ ತೊಟ್ಟಿಕ್ಕಿ ಬಟ್ಟೆ ಕೆಂಪಾಗಿದೆ. ಹಿಂದೆ ಮೋಡ ಕವಿದ ಆಕಾಶ. ಆದರೆ ಇಬ್ಬರ ಕೈ ನೋಡಿ, ಒಬ್ಬರದನ್ನ ಒಬ್ಬರು ಹಿಡಿದಿದ್ದಾರೆ.

ಗೆಳೆಯರೇ, ಇದು ನಮ್ಮ ಚಿತ್ರ ಅಲ್ವಾ? ಹಿತ್ತಲ ಬಾಗಿಲಲ್ಲಿ ‘ಅವ್ವಾ, ಹಸಿವು’ ಅನ್ನೋ ನಾವು, ಬಸ್ಸು ಹತ್ತಿದ ಕೂಡಲೇ ‘ಅಣ್ಣಾ, ಒರು ಟಿಕೆಟ್’ ಅನ್ನೋ ನಾವು. ಅತ್ತಿಬೆಲೆ ದಾಟಿ ಬೆಂಗಳೂರಿಗೆ ಹೋದರೆ ‘ತಮಿಳುನಾಡಿನೋರಾ, ಕನ್ನಡ ಚೆನ್ನಾಗಿ ಮಾತಾಡ್ತೀರ’ ಅಂತ ಮೆಚ್ಚುಗೆ ಬೇರೆ. ಮೆಚ್ಚುಗೆ ಕೇಳಿ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಆ ಗೊತ್ತಾಗದ ಮುಖವನ್ನ ಬರೀರಿ ಅಂತಲೇ ನಾವು ಹೇಳ್ತಿರೋದು. ಎಷ್ಟೋ ಮನೆಗಳಲ್ಲಿ ತೆಲುಗೂ ಇದೆ, ಅವರಿಗೆ ಬೆಂಚಿನ ಮೇಲೆ ಮೂರನೆಯವರೂ ಕೂರಬೇಕಾಗುತ್ತೆ. ಕೂರಲಿ, ಜಾಗ ಇದೆ.

ಒಂದು ಮಾತು ಖಂಡಿತವಾಗಿ ಹೇಳ್ತೀವಿ. ಒಂದು ಮುಖವನ್ನ ಒಳ್ಳೇದು ಮಾಡಿ, ಇನ್ನೊಂದನ್ನ ರಾಕ್ಷಸ ಮಾಡಿ ಬರೆಯೋದು ಸುಲಭ, ಲೈಕೂ ಜಾಸ್ತಿ ಬರುತ್ತೆ. ಅದು ಪೋಸ್ಟರ್ ಆಗುತ್ತೆ, ನಮ್ಮ ಮುಖ ಆಗಲ್ಲ. ಕ್ಲಾಸಲ್ಲಿ ನಮ್ಮ ಕನ್ನಡ ಕೇಳಿ ನಕ್ಕಿದ್ದು ನೋವು ತಂದಿದ್ದು ನಿಜ. ಅದೇ ಕ್ಲಾಸಲ್ಲಿ ಊಟದ ಡಬ್ಬಿ ಹಂಚಿಕೊಂಡ ತಮಿಳು ಗೆಳತಿ ಇರೋದೂ ನಿಜ. ಎರಡೂ ಒಂದೇ ಚಿತ್ರದಲ್ಲಿ ಬರಲಿ.

‘ನಮಗೆ ಚಿತ್ರ ಬರೆಯೋಕೆ ಬರಲ್ಲ, ನಮ್ಮ ಹಾಗೆ ಕಾಣಲ್ಲ’ ಅಂತ ಹಿಂದೆ ಸರಿಯೋರಿಗೆ ನಮ್ಮ ಊರ ಕಲ್ಲುಗಳನ್ನೇ ತೋರಿಸ್ತೀವಿ. ಕೃಷ್ಣಗಿರಿ ಹತ್ತಿರ ಮಲ್ಲಚಂದ್ರದ ಬೆಟ್ಟದ ಮೇಲೆ ಕಲ್ಲುಮನೆಗಳಿವೆ, ಬೃಹತ್ ಶಿಲಾಯುಗದ ಸಮಾಧಿಗಳು. ಕೆಲವುದರ ಒಳಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ಮನುಷ್ಯರು, ಸವಾರರು ಇದ್ದಾರೆ. ಕಣ್ಣು ಮೂಗು ತಿದ್ದಿಲ್ಲ, ನಾಲ್ಕು ಗೆರೆ ಅಷ್ಟೇ. ಆದರೂ ಮನುಷ್ಯ ಅಂತ ಗೊತ್ತಾಗುತ್ತೆ. ನಮ್ಮ ಸೀಮೆಯ ವೀರಗಲ್ಲುಗಳನ್ನ ನೋಡಿ. ಮಳೆ ಬಿಸಿಲಿಗೆ ಮುಖ ಸವೆದುಹೋಗಿದ್ದರೂ ಎತ್ತಿದ ಕತ್ತಿ, ನಾಟಿದ ಬಾಣ, ಬಾಗಿದ ಮಂಡಿ ಇವೇ ಆತನ ಕತೆ ಹೇಳ್ತವೆ. ಹಾಗೇ, ನಿಮ್ಮ ಮುಖ ಹೋಲದಿದ್ದರೆ ಏನೂ ನಷ್ಟ ಇಲ್ಲ. ತಲೆ ಎಷ್ಟು ಬಾಗಿದೆ, ಕೈಯಲ್ಲಿ ಏನಿದೆ, ಹಿಂದೆ ಯಾವ ಬಣ್ಣ ಇದೆ, ಇಷ್ಟು ನಿಜವಾಗಿದ್ದರೆ ಸಾಕು. ಸಿಪ್ಕಾಟಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದವನ ಚಿತ್ರದಲ್ಲಿ ಕಣ್ಣೇ ಬೇಡ, ಟ್ಯೂಬ್‌ಲೈಟಿನ ಬೆಳಕು ಕೆನ್ನೆಗೆ ಅಂಟಿಕೊಂಡಿದ್ದರೆ ಆಯ್ತು. ಗುಲಾಬಿ ತೋಟದಲ್ಲಿ ಹೂ ಕೀಳೋ ತಂಗಿ ಬರೀ ಬೆರಳು ಬರೆದರೂ ಅದು ಅವಳ ಸ್ವಚಿತ್ರವೇ.

ಈಗ ಕೆಲಸದ ಮಾತು. ದುಬಾರಿ ಟ್ಯಾಬ್ ಬೇಕಿಲ್ಲ. ಆಂಡ್ರಾಯ್ಡ್ ಫೋನಿಗೆ ‘ಐಬಿಸ್ ಪೇಂಟ್’, ‘ಸ್ಕೆಚ್‌ಬುಕ್’ ಪುಕ್ಕಟೆ ಸಿಗುತ್ತೆ. ಐಬಿಸಲ್ಲಿ ಜಾಹೀರಾತು ಕಾಟ ಇದೆ, ತಡ್ಕೊಳ್ಳಿ. ಕಂಪ್ಯೂಟರ್ ಇದ್ದರೆ ‘ಕ್ರಿಟಾ’ ಹಾಕ್ಕೊಳ್ಳಿ, ಪೂರ್ತಿ ಸ್ವತಂತ್ರ ತಂತ್ರಾಂಶ. ಸ್ವೀಡನ್ನಿನ ಭಾಷೆಯಲ್ಲಿ ಆ ಹೆಸರಿಗೆ ಬಳಪ ಅಂತ ಅರ್ಥ. ಬ್ರಿಟನ್ನಿನ ದೊಡ್ಡ ಚಿತ್ರಕಾರ ಡೇವಿಡ್ ಹಾಕ್ನಿ 70 ದಾಟಿದ ಮೇಲೆ, 2009ರಲ್ಲಿ, ಐಫೋನಲ್ಲಿ ಹೆಬ್ಬೆರಳಿಂದ ಬರೆಯೋಕೆ ಶುರು ಮಾಡಿದ್ರು. 2012ರಲ್ಲಿ ಐಪ್ಯಾಡಲ್ಲಿ ತಮ್ಮದೇ ಮುಖ ಬರೆದು, ತಾರೀಖನ್ನೇ ಚಿತ್ರದ ಹೆಸರಾಗಿಟ್ಟರು. ಬೆರಳಲ್ಲಿ ಬರೆದದ್ದು ಚಿತ್ರ ಅಲ್ಲ ಅನ್ನೋರಿಗೆ ಇದನ್ನ ಹೇಳಿ.

ಫೋಟೋ ಮೇಲೆ ಗೆರೆ ತೀಡಬೇಡಿ, ಕನ್ನಡಿ ನೋಡಿ ಬರೀರಿ. ಕ್ಯಾನ್ವಾಸ್ 1500 ಪಿಕ್ಸೆಲ್ ಅಗಲ ಸಾಕು, ದೊಡ್ಡದಿಟ್ಟರೆ ಹಳೇ ಫೋನು ತಿಣುಕುತ್ತೆ. ಲೇಯರ್ ಅನ್ನೋದು ಈ ಕಲೆಯ ದೊಡ್ಡ ವರ. ಗಾಜಿನ ಮೇಲೆ ಗಾಜು ಇಟ್ಟ ಹಾಗೆ. ಕೆಳಗಿನದರಲ್ಲಿ ಮುಖ, ಮೇಲಿನದರಲ್ಲಿ ಸಿಟ್ಟು, ಅದರ ಮೇಲೆ ಎಲ್ಲರಿಗೂ ತೋರಿಸೋ ನಗು. ನಗುವಿನ ಲೇಯರನ್ನ ಅರ್ಧ ತೆಳ್ಳಗೆ ಮಾಡಿ ನೋಡಿ, ಕೆಳಗಿನ ಸಿಟ್ಟು ಮೆಲ್ಲಗೆ ಇಣುಕುತ್ತೆ. ಕಾಗದದ ಮೇಲೆ ಇದು ಬಲು ಕಷ್ಟ. ಪ್ರತಿ ಲೇಯರಿಗೂ ಕನ್ನಡದಲ್ಲೇ ಹೆಸರಿಡಿ: ಮುನಿಸು, ಹಂಬಲ, ಅವ್ವನ ಮಾತು. ಅಕ್ಷರ ಬಾರದಿದ್ದರೆ ಕೀಬೋರ್ಡಿನ ಮೈಕ್ ಒತ್ತಿ ಹೇಳಿ, ಅದೇ ಕನ್ನಡದಲ್ಲಿ ಬರೆದುಕೊಡುತ್ತೆ. ಆಮೇಲೆ ಆ ಅಕ್ಷರ ನೋಡಿ ಚಿತ್ರದ ಮೂಲೆಯಲ್ಲಿ ನಿಮ್ಮ ಹೆಸರನ್ನ ಬೆರಳಿಂದ ತಿದ್ದಿ. ಸೊಟ್ಟಗೆ ಬಂದರೆ ಬರಲಿ.

ಬಣ್ಣದ ಬಗ್ಗೆ ನಮಗೆ ಸ್ವಲ್ಪ ಹಟ ಇದೆ. ಆ್ಯಪಿನಲ್ಲಿ ‘ಸ್ಕಿನ್’ ಅಂತ ಸಿಗೋ ಬಣ್ಣ ಹೆಚ್ಚಾಗಿ ನಮ್ಮ ಮೈಬಣ್ಣ ಅಲ್ಲ, ಮುಟ್ಟಬೇಡಿ. ಬಿಸಿಲಲ್ಲಿ ಒಂದು ಹಿಡಿ ರಾಗಿಯ ಫೋಟೋ ತೆಗೆದು, ಬಣ್ಣ ಹೀರೋ ಕಡ್ಡಿಯಿಂದ ಆ ಕೆಂಗಂದು ತೆಗೀರಿ. ಹೊಲದ ಕೆಮ್ಮಣ್ಣಿಂದ ಒಂದು, ಹುಣಸೆಹಣ್ಣಿಂದ ಒಂದು. ನಮ್ಮ ಕೆನ್ನೆ, ಕತ್ತು, ಕಣ್ಣ ಕೆಳಗಿನ ನೆರಳು ಎಲ್ಲ ಈ ಮೂರರಲ್ಲೇ ಸಿಗುತ್ತೆ. ದುಃಖಕ್ಕೆ ನೀಲಿ, ಕೋಪಕ್ಕೆ ಕೆಂಪು ಅಂತ ಯಾರೋ ಹೇಳಿದ ಲೆಕ್ಕವೂ ಬೇಡ. ಒಬ್ಬಳಿಗೆ ದುಃಖ ಅಂದ್ರೆ ಮದುವೆ ಮನೆಯ ಅರಿಶಿನದ ಬಣ್ಣ ಇರಬಹುದು. ಅವಳಿಗೇ ಗೊತ್ತು ಯಾಕೆ ಅಂತ.

ಬರೆದಾದ ಮೇಲೆ ಯಾರಿಗೂ ತೋರಿಸಲೇಬೇಕು ಅಂತಿಲ್ಲ. ಹೆಣ್ಣುಮಕ್ಕಳಿಗೆ ಮುಖ್ಯವಾಗಿ ಈ ಮಾತು: ಫೋಟೋ ಹಾಕೋಕೆ ಹೆದರಿಕೆ, ಮನೇಲಿ ಬೈಗುಳ, ಕಾಮೆಂಟ್ ಹೊಲಸು, ಎಲ್ಲ ನಮಗೆ ಗೊತ್ತು. ಗುರುತು ಸಿಗದ ಹಾಗೆ ಬರೆದು ಹಾಕಬಹುದು, ಹೆಸರಿಲ್ಲದೆ ನಮ್ಮ ಪುಟಕ್ಕೆ ಕಳಿಸಬಹುದು, ಲಾಕ್ ಹಾಕಿ ಇಟ್ಕೋಬಹುದು. ‘ತೋರ್ಸೇ, ತೋರ್ಸೇ’ ಅಂತ ಪೀಡಿಸೋ ಅಣ್ಣಂದಿರು ಸ್ವಲ್ಪ ದೂರ ಕೂತ್ಕೊಳ್ಳಿ.

ಇನ್ನೊಂದು ಮಾತನ್ನ ನಗದೇ ಹೇಳ್ತೀವಿ. ಚಿತ್ರ ಬರೆಯೋದು ಔಷಧಿ ಅಲ್ಲ. ವಾರಗಟ್ಟಲೆ ಕಪ್ಪೇ ಬರ್ತಾ ಇದ್ದರೆ, ನಿದ್ದೆ ಊಟ ಬಿಟ್ಟುಹೋಗಿದ್ದರೆ, ಬದುಕು ಸಾಕು ಅನ್ನಿಸಿದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, 2022ರಿಂದ ನಡೀತಿದೆ. ಕನ್ನಡದಲ್ಲೂ ಮಾತಾಡಬಹುದು, ತಮಿಳಲ್ಲೂ. ‘ಅಕ್ಕಾ, ನನಗೆ ಕನ್ನಡದಲ್ಲಿ ಹೇಳಬೇಕು’ ಅಂತ ಕೇಳಿ ಪಡ್ಕೊಳ್ಳಿ, ನಾಚಿಕೆ ಬೇಡ. ಗೆಳೆಯನ ಚಿತ್ರ ನೋಡಿ ನಿಮಗೆ ದಿಗಿಲಾದರೆ ‘ಸೂಪರ್ ಮಚ್ಚಾ’ ಅಂತ ಎಮೋಜಿ ಹಾಕಿ ಮುಂದೆ ಹೋಗಬೇಡಿ, ಅವನ ಮನೆಗೇ ಹೋಗಿ ಟೀ ಕುಡೀರಿ.

ಸರಿ, ಚೀಲದಲ್ಲಿ ಪುಟ್ಟ ಕನ್ನಡಿಗಳಿವೆ, ಇಬ್ಬರಿಗೊಂದರಂತೆ ಹಂಚ್ತೀವಿ. ಚಾರ್ಜ್ ಇಲ್ಲದೋರು ಆ ಗೋಡೆ ಪಕ್ಕ ಕೂತ್ಕೊಳ್ಳಿ, ಅಲ್ಲಿ ಪಾಯಿಂಟ್ ಇದೆ. ಮೊದಲ ಹತ್ತು ನಿಮಿಷ ಗೆರೆ ಎಳೆಯಬೇಡಿ, ಬರೀ ನೋಡಿ. ನಗು ಬರುತ್ತೆ, ನಕ್ಕು ಮುಗಿಸಿ. ಆಮೇಲೂ ಕನ್ನಡಿಯಲ್ಲಿ ಯಾರು ಉಳೀತಾರೋ ಅವರನ್ನ ಬರೀರಿ.